ಬೈಗುಳ ತಡೆಯಲು ಪದಗಳ ಪಟ್ಟಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಕನ್ನಡದ ಫೇಸ್‌ಬುಕ್ ಗುಂಪು, ಟೆಲಿಗ್ರಾಮ್ ಬಳಗ, ಯೂಟ್ಯೂಬ್ ಚಾನೆಲ್‌ಗಳಲ್ಲಿ ಬೈದಾಟ ಹೆಚ್ಚಾದಾಗ ನಡೆಸುವವರು ಮೊದಲು ಮಾಡುವ ಕೆಲಸವೆಂದರೆ ಕೆಟ್ಟ ಪದಗಳ ಪಟ್ಟಿ ಬರೆದು, ಅವು ಕಂಡ ಕೂಡಲೇ ಕಾಮೆಂಟು ತಾನಾಗಿಯೇ ಮರೆಯಾಗುವಂತೆ ಸೆಟ್ಟಿಂಗ್ ಹಾಕುವುದು. ಎರಡು ವಾರ ಕಳೆಯುವುದರೊಳಗೆ ಎರಡು ಬಗೆಯ ದೂರು ಶುರುವಾಗುತ್ತವೆ. ಒಳ್ಳೆಯ ಮಾತು ಬರೆದವರು ‘ನನ್ನ ಕಾಮೆಂಟು ಯಾಕೆ ತೆಗೆದಿರಿ’ ಎಂದು ಕೇಳುತ್ತಾರೆ. ಬೈಸಿಕೊಂಡವರು ‘ಇಷ್ಟು ಹೊಲಸು ಬರೆದರೂ ಯಾಕೆ ಬಿಟ್ಟಿರಿ’ ಎಂದು ಕೇಳುತ್ತಾರೆ. ಇಬ್ಬರ ದೂರಿನಲ್ಲೂ ನ್ಯಾಯವಿದೆ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಹೀಗೇ ಆಗುವುದು.

‘ತಿಕ’ ಎಂಬ ಪದವನ್ನೇ ನೋಡಿ. ಇದನ್ನು ಪಟ್ಟಿಗೆ ಸೇರಿಸಿದರೆ ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂದು ಬರೆದವರ ಕಾಮೆಂಟು ಹೋಗುತ್ತದೆ. ‘ನೈತಿಕ’, ‘ಭೌತಿಕ’, ‘ಪ್ರಾಕೃತಿಕ’, ‘ಆಸ್ತಿಕ’, ‘ಸ್ವಸ್ತಿಕ’ ಎಲ್ಲದರ ಬಾಲದಲ್ಲೂ ಅದೇ ಮೂರು ಸಂಕೇತಗಳಿವೆ: ತಕಾರ, ಇಕಾರದ ಗುಡಿಸು, ಕಕಾರ. ಇಡೀ ಪದ ಹೊಂದಿದರೆ ಮಾತ್ರ ಹಿಡಿ ಎಂದು ಸೂಚಿಸಿದರೆ ಸರಿಹೋಗುತ್ತದೆ ಎಂದುಕೊಳ್ಳುವವರಿದ್ದಾರೆ. ಅಲ್ಲೂ ತೊಡಕಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಹುಡುಕುವ ಸಾಧನಕ್ಕೆ ಕನ್ನಡದ ಸ್ವರಚಿಹ್ನೆಗಳು ಅಕ್ಷರವೆಂದು ಗೊತ್ತಿಲ್ಲ. ‘ಸಾಂಸ್ಕೃತಿಕ’ದಲ್ಲಿ ವಟ್ರಸುಳಿ ಬಂದ ಕೂಡಲೇ ಪದ ಮುಗಿಯಿತೆಂದು ತಿಳಿದು, ಮುಂದಿನ ತಕಾರದಿಂದ ಹೊಸ ಪದ ಶುರುವಾಯಿತೆಂದು ಲೆಕ್ಕ ಹಾಕುತ್ತದೆ. ಹಾಗಾಗಿ ಇಡೀ ಪದ ಹುಡುಕು ಎಂದರೂ ಅದಕ್ಕೆ ‘ತಿಕ’ವೇ ಸಿಗುತ್ತದೆ. ಕಾಮೆಂಟುಗಳನ್ನು ತಾನಾಗಿ ಸೋಸುವ ಬಾಟ್ ಬರೆಯುವ ನಮ್ಮ ಹುಡುಗರು ತಿಳಿದಿರಬೇಕಾದ ಮೊದಲ ಪಾಠ ಇದು. ಸಾಧನವು ತಾನಾಗಿ ಗುರುತಿಸುವ ಪದದ ಗಡಿಯನ್ನು ನಂಬಬಾರದು. ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ಯಾವುದು ಬಂದರೂ ಪದ ಇನ್ನೂ ಮುಗಿದಿಲ್ಲ, ಜಾಗ ಅಥವಾ ವಿರಾಮಚಿಹ್ನೆ ಬಂದರಷ್ಟೇ ಮುಗಿಯಿತು ಎಂದು ನಾವೇ ಬರೆದುಕೊಡಬೇಕು.

ಅಷ್ಟು ಮಾಡಿದರೆ ‘ಸಾಂಸ್ಕೃತಿಕ’ ಉಳಿಯುತ್ತದೆ, ಆದರೆ ಈಗ ಬೈಗುಳ ತಪ್ಪಿಸಿಕೊಳ್ಳುತ್ತದೆ. ಕನ್ನಡದಲ್ಲಿ ಯಾವ ಪದವೂ ಒಂಟಿಯಾಗಿ ನಿಲ್ಲುವುದಿಲ್ಲ. ವಿಭಕ್ತಿ ಅಂಟುತ್ತದೆ, ಬಹುವಚನ ಅಂಟುತ್ತದೆ, ಕೊನೆಗೆ ಒಂದು ‘ಏನ್ರೋ’ ಕೂಡ ಅಂಟಿಕೊಳ್ಳುತ್ತದೆ. ಆದ್ದರಿಂದ ಪದದ ಬುಡವನ್ನು ಮಾತ್ರ ಪಟ್ಟಿಯಲ್ಲಿಟ್ಟು, ಅದರ ಮುಂದೆ ಬರಬಹುದಾದ ಪ್ರತ್ಯಯಗಳನ್ನು ಬೇರೆ ಬರೆದಿಟ್ಟುಕೊಳ್ಳುವುದು ಸರಿಯಾದ ದಾರಿ. ಜೊತೆಗೆ ‘ಬಿಡಬೇಕಾದ ಪದಗಳು’ ಎಂಬ ಎರಡನೆಯ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ನೀರು ಬಂತು ಎಂಬ ಸುದ್ದಿಯನ್ನು ರೈತರು ಹಂಚಿಕೊಳ್ಳುವಂತಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರನ್ನು ವಚನಾಸಕ್ತರು ಬರೆಯುವಂತಿಲ್ಲ. ಮಂಗಳೂರಿನ ಬಳಿಯ ಬೋಳಿಯಾರಿನವರು ತಮ್ಮ ಊರಿನ ಹೆಸರು ಹೇಳುವಂತಿಲ್ಲ, ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದೆ ಎನ್ನುವಂತಿಲ್ಲ. ಮಹಾರಾಷ್ಟ್ರದ ರಾಜಕೀಯ ಚರ್ಚಿಸುವವರಿಗೆ ಗೋಪಿನಾಥ ಮುಂಡೆ ಅವರ ಅಡ್ಡಹೆಸರೇ ಮುಳುವಾಗುತ್ತದೆ.

ಬೇಕೆಂದೇ ತಪ್ಪಿಸಿಕೊಳ್ಳುವವರ ಉಪಾಯಗಳು ಬೇರೆ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ ತುರುಕುತ್ತಾರೆ. ‘ರಾಜ್‌ಕುಮಾರ್’ ಎಂದು ಸರಿಯಾಗಿ ಮೂಡಿಸಲು ನಾವೆಲ್ಲ ಬಳಸುವ ಚಿಹ್ನೆಯೇ ಅದು. ಅನುಸ್ವಾರದ (ಂ) ಜಾಗದಲ್ಲಿ ಕನ್ನಡದ ಅಂಕಿ ‘೦’ ಹಾಕುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಓಕಾರ, ಏಕಾರ, ಈಕಾರಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಜೋಡಿಸಿಯೂ ಬರೆಯಬಹುದು. ಕನ್ನಡದಂತೆಯೇ ಕಾಣುವ ತೆಲುಗು ಅಕ್ಷರ ಸೇರಿಸುವವರೂ ಇದ್ದಾರೆ. ಇವಕ್ಕೆಲ್ಲ ಮದ್ದು ಒಂದೇ. ಹೋಲಿಸುವ ಮುನ್ನ ಕಾಮೆಂಟಿನ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಬಿಡಿ ಭಾಗಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದು, ಕಾಣದ ಚಿಹ್ನೆಗಳನ್ನು ಕಿತ್ತು, ಅಂಕಿಯ ಸೊನ್ನೆಯನ್ನು ಅನುಸ್ವಾರವಾಗಿಸಿ, ತೆಲುಗು ಅಕ್ಷರಗಳನ್ನು ಅವಕ್ಕೆ ಸಮನಾದ ಕನ್ನಡ ಅಕ್ಷರಗಳಾಗಿಸಿ, ಆಮೇಲೆ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಇದನ್ನು ಮೂಲ ಕಾಮೆಂಟಿನಲ್ಲೇ ಮಾಡಿದರೆ ಅದನ್ನು ಬರೆದವರ ಬರಹವೇ ಕೆಡುತ್ತದೆ. ಪ್ರತಿಯಲ್ಲಿ ಮಾತ್ರ ಮಾಡಬೇಕು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಇದಕ್ಕಿಂತ ಕಷ್ಟ. ‘ಗೂಬೆ’ಯ ಊಕಾರಕ್ಕೆ ಒಬ್ಬರು ಎರಡು ಓ ಹಾಕುತ್ತಾರೆ, ಒಬ್ಬರು ಒಂದೇ ಯು, ಇನ್ನೊಬ್ಬರು ಎರಡು ಯು. ಲ ಮತ್ತು ಳ ಒಂದಾಗುತ್ತವೆ, ದ ಮತ್ತು ಡ ಒಂದಾಗುತ್ತವೆ, ಹ್ರಸ್ವ ದೀರ್ಘ ಅಳಿಸಿಹೋಗುತ್ತವೆ. ಎಲ್ಲ ರೂಪಗಳನ್ನೂ ಬರೆದಿಡುತ್ತೇನೆಂದು ಕುಳಿತರೆ ಒಂದೊಂದು ಪದಕ್ಕೆ ಹತ್ತಾರು ಸಾಲು ಬೇಕಾಗುತ್ತದೆ. ಫೇಸ್‌ಬುಕ್ ಪುಟದ ತಡೆ ಪಟ್ಟಿಗೆ 1,000 ಪದಗಳ ಮಿತಿಯಿದೆ. ಅದನ್ನು ಇಂಥದಕ್ಕೆಲ್ಲ ಖರ್ಚು ಮಾಡಬಾರದು.

ಇದೆಲ್ಲ ಯಂತ್ರದ ಮಾತಾಯಿತು. ನಿಜವಾದ ಕಷ್ಟ ಇರುವುದು ಅರ್ಥದಲ್ಲಿ. ‘ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾದ’ ಎನ್ನುವ ಅಪ್ಪ ಬಳಸುವ ಎರಡು ಪದಗಳನ್ನೇ ಬೆಂಗಳೂರಿನ ಬೀದಿಯಲ್ಲಿ ಸ್ವಲ್ಪ ಕತ್ತರಿಸಿ ಹೇಳಿದರೆ ಬೈಗುಳ. ಹಳೇ ಮೈಸೂರಿನ ಅಜ್ಜಿಯರ ಬಾಯಲ್ಲಿ ‘ಅಯ್ಯೋ ಮುಂಡೇದೇ’ ಎಂಬುದು ಮೊಮ್ಮಗುವಿನ ಮೇಲಿನ ಅಕ್ಕರೆ. ಅದೇ ಪದವನ್ನು ಅಪರಿಚಿತ ಹೆಣ್ಣುಮಗಳ ಫೋಟೊ ಕೆಳಗೆ ಬರೆದರೆ ಅವಮಾನ. ‘ಲೇ ಮಗನ, ಎಷ್ಟ ಚೊಲೊ ಬರದೀಲೇ’ ಎಂದು ಧಾರವಾಡದ ಗೆಳೆಯ ಗೆಳೆಯನಿಗೆ ಬರೆದಿದ್ದರೆ ಅದು ಮೆಚ್ಚುಗೆ. ಮೈಸೂರಿನ ನಿರ್ವಾಹಕರು ಅದನ್ನು ಅಳಿಸಿದರೆ ಉತ್ತರ ಕರ್ನಾಟಕದವರಿಗೆ ‘ನಮ್ಮ ಭಾಷೆಯೇ ಇವರಿಗೆ ಬೈಗುಳ’ ಎನಿಸುತ್ತದೆ, ಹಾಗೆ ಅನಿಸುವುದು ಸರಿಯೂ ಹೌದು.

ಇನ್ನೊಂದು ಕಾಮೆಂಟು ಹೀಗಿರುತ್ತದೆ: ‘ತಾವು ದೊಡ್ಡವರು ಸಾರ್, ಸಾಹಿತ್ಯ ನಮಗೆ ಬಿಡಿ, ತಾವು ತಮ್ಮ ಕುಲಕಸುಬು ನೋಡಿಕೊಳ್ಳಿ.’ ಬಹುವಚನವಿದೆ, ಸಾರ್ ಇದೆ, ಒಂದೇ ಒಂದು ಕೆಟ್ಟ ಪದವಿಲ್ಲ. ಮೇಲಿನ ಯಾವ ಬೈಗುಳಕ್ಕಿಂತಲೂ ಇದು ಕ್ರೂರ. ಯಾವ ಪಟ್ಟಿಯೂ ಇದನ್ನು ಹಿಡಿಯದು. ಬದುಕಿರುವವರ ಫೋಟೊ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆಯುವುದು, ಬರೀ ಚಪ್ಪಲಿಯ ಚಿತ್ರ ಹಾಕುವುದು, ಗಂಡಸಿಗೆ ‘ಬಳೆ ತೊಟ್ಟುಕೊ’ ಎನ್ನುವುದು, ಲಿಂಗತ್ವ ಅಲ್ಪಸಂಖ್ಯಾತರನ್ನು ‘ಒಂಬತ್ತು’ ಎಂದು ಕರೆಯುವುದು ಎಲ್ಲವೂ ಇದೇ ಜಾತಿಯವು. ಒಂಬತ್ತು ಎಂಬ ಸಂಖ್ಯೆಯನ್ನು ಯಾರು ತಾನೇ ನಿಷೇಧಿಸಲು ಸಾಧ್ಯ?

ಜಾತಿಸೂಚಕ ಪದಗಳ ವಿಷಯದಲ್ಲಿ ಎಡವುವುದು ಅತಿ ಹೆಚ್ಚು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಅವುಗಳಲ್ಲಿ ಕೆಲವು ಹೆಸರುಗಳನ್ನು ಬೇರೆಯವರು ತಲೆತಲಾಂತರದಿಂದ ಬೈಗುಳವಾಗಿ ಬಳಸಿದ್ದಾರೆ. ಆ ಹೆಸರುಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ? ಒಳಮೀಸಲಾತಿಯ ಚರ್ಚೆಯಲ್ಲಿ ಆ ಸಮುದಾಯದವರೇ ತಮ್ಮ ಜಾತಿಯ ಹೆಸರು ಹೇಳಿ ಮಾತಾಡಲಾಗದೆ ಹೋಗುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಶರಣರ ಹೆಸರು ಹೇಳುವುದೂ ಕಷ್ಟವಾಗುತ್ತದೆ. ಅವಮಾನ ಮಾಡಿದವನಿಗೆ ಇದರಿಂದ ಏನೂ ಆಗುವುದಿಲ್ಲ, ಅವನು ‘ಕುಲಕಸುಬು’ ಎನ್ನುತ್ತಾನೆ. ಹಾಗಾಗಿ ಜಾತಿಯ ಹೆಸರು ಕಂಡರೆ ಯಂತ್ರ ಅಳಿಸಬಾರದು. ತಡೆದಿಟ್ಟು ಒಬ್ಬ ಮನುಷ್ಯನಿಗೆ ತೋರಿಸಬೇಕು. ಆ ಮನುಷ್ಯ ನೋಡಬೇಕಾದದ್ದು ಮೂರು ಸಂಗತಿ: ಹೆಸರು ಹೇಳಿದವರು ಯಾರು, ಯಾರನ್ನು ಕುರಿತು ಹೇಳಿದರು, ಅದರ ಹಿಂದೆ ಮುಂದೆ ಇರುವ ಮಾತೇನು.

ಗಾದೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2023ರ ಆಗಸ್ಟ್‌ನಲ್ಲಿ ಜನಪ್ರಿಯ ಚಿತ್ರನಟರೊಬ್ಬರು ನೇರಪ್ರಸಾರದಲ್ಲಿ ದಲಿತ ಕೇರಿಯ ಹೆಸರಿರುವ ಹಳೆಯ ಗಾದೆಯೊಂದನ್ನು ಬಳಸಿದರು. ವಿರೋಧ ಬಂದ ಕೂಡಲೇ ವಿಡಿಯೊ ಅಳಿಸಿ ಕ್ಷಮೆ ಕೇಳಿದರು, ಪೊಲೀಸ್ ಪ್ರಕರಣವೂ ದಾಖಲಾಯಿತು. ಬಾಯಿಪಾಠವಾಗಿ ಬಂದ ಮಾತಿನಲ್ಲೂ ಏಟಿರುತ್ತದೆ ಎಂಬುದು ಆಗ ಅನೇಕರಿಗೆ ಮೊದಲ ಸಲ ಹೊಳೆಯಿತು. ಇಂಥ ಸಂದರ್ಭದಲ್ಲಿ ಬರೆದವರ ಉದ್ದೇಶ ಕೆಟ್ಟದ್ದಲ್ಲದಿದ್ದರೂ ಮಾತು ಅಲ್ಲಿ ಉಳಿಯಬಾರದು. ಬರೆದವರನ್ನು ಹೊರಹಾಕುವ ಅಗತ್ಯವಿಲ್ಲ. ಮಾತು ತೆಗೆದು, ಏಕೆಂದು ಖಾಸಗಿಯಾಗಿ ತಿಳಿಸಿದರೆ ಬಹುತೇಕರು ತಿದ್ದಿಕೊಳ್ಳುತ್ತಾರೆ.

ನಮ್ಮ ಬೈಗುಳಗಳ ಬೇರು ಎಲ್ಲಿದೆ ಎಂದೂ ನಿರ್ವಾಹಕರು ಒಮ್ಮೆ ಯೋಚಿಸಬೇಕು. ‘ಬೋಳಿ’, ‘ಮುಂಡೆ’ ಎರಡೂ ತಲೆ ಬೋಳಿಸಿ ಮೂಲೆಗೆ ಕೂರಿಸಿದ ವಿಧವೆಯನ್ನು ಕುರಿತ ಪದಗಳು. ‘ಬೇವರ್ಸಿ’ ಎಂದರೆ ವಾರಸುದಾರರಿಲ್ಲದವನು. ಬೈಸಿಕೊಳ್ಳುವವನು ಗಂಡಸಾದರೂ ಏಟು ಬೀಳುವುದು ಅವನ ತಾಯಿಗೆ. ಇಬ್ಬರು ಗಂಡಸರ ಜಗಳವನ್ನು ‘ಅವರವರೇ ಬೈದುಕೊಳ್ಳಲಿ’ ಎಂದು ಬಿಟ್ಟರೆ, ಅದನ್ನು ಓದುತ್ತಿರುವ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸದ್ದಿಲ್ಲದೆ ಗುಂಪು ಬಿಡುತ್ತಾರೆ. ಯಾರೂ ದೂರು ಕೊಡುವುದಿಲ್ಲ, ಆದ್ದರಿಂದ ನಿರ್ವಾಹಕರಿಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಪದಗಳನ್ನು ಎರಡು ಪಾಲು ಮಾಡಿ. ಯಾವ ಸಂದರ್ಭದಲ್ಲೂ ಒಳ್ಳೆಯ ಅರ್ಥ ಬರಲಾರದ ಲೈಂಗಿಕ ಬೈಗುಳಗಳು ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚಿಲ್ಲ. ಅವುಗಳನ್ನು ನೇರ ತಡೆಯಬಹುದು. ಉಳಿದದ್ದೆಲ್ಲ ‘ತಡೆದಿಟ್ಟು ನೋಡು’ ಪಾಲಿಗೆ ಹೋಗಬೇಕು. ಯೂಟ್ಯೂಬ್‌ನಲ್ಲಿ ತಡೆ ಪದಗಳಿರುವ ಕಾಮೆಂಟು ಪರಿಶೀಲನೆಯ ಸಾಲಿಗೆ ಹೋಗುತ್ತದೆ, ಅಲ್ಲಿ 60 ದಿನ ಮಾತ್ರ ಉಳಿಯುತ್ತದೆ. ವಾರಕ್ಕೆರಡು ಸಲವಾದರೂ ಆ ಸಾಲನ್ನು ತೆರೆದು ನೋಡದಿದ್ದರೆ ಒಳ್ಳೆಯ ಕಾಮೆಂಟುಗಳು ಅಲ್ಲೇ ಕೊಳೆಯುತ್ತವೆ. ಫೇಸ್‌ಬುಕ್ ಗುಂಪಿನಲ್ಲಿ ಕೀವರ್ಡ್ ಅಲರ್ಟ್ ಇದೆ. ಅದು ಅಳಿಸುವುದಿಲ್ಲ, ನಿರ್ವಾಹಕರಿಗೆ ತಿಳಿಸುತ್ತದೆ ಅಷ್ಟೆ. ಕನ್ನಡಕ್ಕೆ ಅದೇ ಹೆಚ್ಚು ಹೊಂದುತ್ತದೆ. ಟೆಲಿಗ್ರಾಮ್‌ನ ಸ್ಲೋ ಮೋಡ್‌ನಲ್ಲಿ ಒಬ್ಬರ ಎರಡು ಸಂದೇಶಗಳ ನಡುವೆ ಕೆಲವು ಸೆಕೆಂಡುಗಳಿಂದ ಒಂದು ಗಂಟೆಯವರೆಗೆ ಅಂತರ ಇಡಬಹುದು. ಜಗಳ ಹೊತ್ತಿಕೊಂಡಾಗ ಐದು ನಿಮಿಷದ ಅಂತರ ಹಾಕಿದರೆ ಅರ್ಧ ಬೆಂಕಿ ತಾನಾಗಿಯೇ ಆರುತ್ತದೆ. 1,024 ಜನರವರೆಗೆ ಸೇರಬಹುದಾದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥ ಪದ ಜರಡಿಯಾಗಲೀ ಅಂತರವಾಗಲೀ ಇಲ್ಲ. ಅಲ್ಲಿರುವುದು ಅಡ್ಮಿನ್ ಸಂದೇಶವನ್ನು ಎಲ್ಲರಿಗೂ ಅಳಿಸುವ ಅವಕಾಶ ಮತ್ತು ಅಡ್ಮಿನ್ ಮಾತ್ರ ಬರೆಯುವಂತೆ ಗುಂಪನ್ನು ಸ್ವಲ್ಪ ಹೊತ್ತು ಮುಚ್ಚುವ ಅವಕಾಶ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ನೋಡುವವರಿಲ್ಲದಿದ್ದರೆ ಹಾಗೆ ಮುಚ್ಚಿಡುವುದರಲ್ಲಿ ತಪ್ಪಿಲ್ಲ.

ತಂಡದಲ್ಲಿ ಕನಿಷ್ಠ ಮೂವರಿರಲಿ. ಅವರಲ್ಲಿ ಒಬ್ಬ ಮಹಿಳೆ, ಬೇರೆ ಸೀಮೆಯ ಕನ್ನಡ ಆಡುವವರೊಬ್ಬರು, ದಲಿತ ಸಮುದಾಯದವರೊಬ್ಬರು ಇರಬೇಕು. ಇದು ತೋರಿಕೆಗಲ್ಲ. ‘ಕುಲಕಸುಬು’ ಎಂಬ ಮಾತಿನ ಮೊನೆ ಓದಿದ ಕೂಡಲೇ ಯಾರಿಗೆ ತಾಗುತ್ತದೋ ಅವರು ತಂಡದಲ್ಲಿ ಇಲ್ಲದಿದ್ದರೆ ಉಳಿದವರು ‘ಇದರಲ್ಲಿ ಏನಿದೆ’ ಎಂದು ಬಿಟ್ಟುಬಿಡುತ್ತಾರೆ. ಆದರೆ ಅಂಥ ಕಾಮೆಂಟುಗಳನ್ನೆಲ್ಲ ಅವರೊಬ್ಬರ ತಲೆಗೇ ಕಟ್ಟಬಾರದು. ದಿನವಿಡೀ ಬೈಗುಳ ಓದುವುದು ಮನಸ್ಸನ್ನು ಹಿಂಡುವ ಕೆಲಸ. ಒಬ್ಬರು ಒಂದು ಹೊತ್ತಿಗೆ ಎರಡು ಗಂಟೆಗಿಂತ ಹೆಚ್ಚು ನೋಡದಂತೆ ಸರದಿ ಮಾಡಿಕೊಳ್ಳಿ.

ಕಾಮೆಂಟನ್ನು ಮರೆಮಾಡಲು ಒಬ್ಬರ ತೀರ್ಮಾನ ಸಾಕು. ಸದಸ್ಯರನ್ನು ಹೊರಹಾಕಲು ಇಬ್ಬರು ಒಪ್ಪಬೇಕು. ಫೇಸ್‌ಬುಕ್ ಪುಟದಲ್ಲಿ ಮರೆಮಾಡಿದ ಕಾಮೆಂಟು ಬರೆದವರಿಗೂ ಅವರ ಗೆಳೆಯರಿಗೂ ಕಾಣುತ್ತಲೇ ಇರುತ್ತದೆ. ಹಾಗಾಗಿ ಅವರು ಸಿಟ್ಟಿಗೆದ್ದು ಮತ್ತೊಂದು ಖಾತೆ ತೆರೆದು ಬರುವುದು ಕಡಿಮೆ. ಸಣ್ಣಪುಟ್ಟ ಬೈಗುಳಕ್ಕೆ ಅದೇ ಒಳ್ಳೆಯದು. ಬೈಗುಳವನ್ನು ಉಲ್ಲೇಖಿಸಿ ಬರೆದ ಉತ್ತರಗಳನ್ನೂ ಮರೆಯದೆ ತೆಗೆಯಿರಿ. ಮೂಲ ಹೋದರೂ ವಿರೋಧಿಸಿದವರ ಉತ್ತರದಲ್ಲಿ ಅದೇ ಮಾತು ಉಳಿದಿರುವುದನ್ನು ಬಹಳ ಕಡೆ ಕಾಣುತ್ತೇವೆ. ಬರೆದವರಿಗೆ ಕಳಿಸುವ ಟಿಪ್ಪಣಿ ಚಿಕ್ಕದಾಗಿರಲಿ: ‘ನಿಮ್ಮ ಇಂದಿನ ಕಾಮೆಂಟಿನ ಎರಡನೆಯ ಸಾಲು ವ್ಯಕ್ತಿಯ ಜಾತಿಯನ್ನು ಹೀಯಾಳಿಸುತ್ತದೆ. ಅದಕ್ಕೆ ತೆಗೆದಿದ್ದೇವೆ. ಆ ಸಾಲು ಬಿಟ್ಟು ನಿಮ್ಮ ವಾದವನ್ನು ಮತ್ತೆ ಬರೆಯಬಹುದು.’ ಯಾವ ಸಾಲು ಎಂದು ಹೇಳದೆ ‘ನಿಯಮ ಉಲ್ಲಂಘನೆ’ ಎಂದಷ್ಟೇ ಬರೆದರೆ ಜಗಳ ಇನ್‌ಬಾಕ್ಸಿಗೆ ಬರುತ್ತದೆ. ಟಿಪ್ಪಣಿಯಲ್ಲಿ ಏಕವಚನ ಎಂದೂ ಬೇಡ, ಎದುರಿನವರು ಏಕವಚನದಲ್ಲೇ ಬೈದಿದ್ದರೂ ಸರಿ. ಏಕವಚನವನ್ನೇ ಅಪರಾಧವೆಂದು ಎಣಿಸಿ ಕಾಮೆಂಟು ಅಳಿಸುವುದೂ ಬೇಡ. ಹಳ್ಳಿಯಿಂದ ಬಂದವರು ಎಲ್ಲರನ್ನೂ ‘ನೀನು’ ಎನ್ನುವುದು ಅಗೌರವದಿಂದಲ್ಲ.

ಮೊದಲ ಸಲ ಬೈದವರಿಗೆ ಟಿಪ್ಪಣಿ ಸಾಕು. ಎರಡನೆಯ ಸಲ 24 ಗಂಟೆ ಮ್ಯೂಟ್, ಎಂದರೆ ಬರೆಯದಂತೆ ತಡೆ, ಮೂರನೆಯ ಸಲ ಏಳು ದಿನ, ಆಮೇಲೆ ಹೊರಗೆ. ಈ ಮೆಟ್ಟಿಲುಗಳೆಲ್ಲ ಸಾಮಾನ್ಯ ಬೈಗುಳಕ್ಕೆ ಮಾತ್ರ. ಅತ್ಯಾಚಾರದ ಬೆದರಿಕೆ, ಕೊಲೆ ಬೆದರಿಕೆ, ತಿರುಚಿದ ಫೋಟೊ, ಫೋನ್ ನಂಬರು ಅಥವಾ ಮನೆ ವಿಳಾಸ ಹಾಕುವುದು, ಉದ್ದೇಶಪೂರ್ವಕ ಜಾತಿ ನಿಂದನೆ, ಇವಕ್ಕೆ ಎರಡನೆಯ ಅವಕಾಶ ಇರಬಾರದು. ಮೇಲ್ಮನವಿ ಬಂದರೆ ಮೊದಲು ತೀರ್ಮಾನ ಮಾಡಿದವರು ಬಿಟ್ಟು ಬೇರೆಯವರು ಓದಲಿ.

ಅಳಿಸುವ ಆತುರದಲ್ಲಿ ಸಾಕ್ಷ್ಯ ಕಳೆಯಬಾರದು. ಇದು ಪದೇ ಪದೇ ಆಗುವ ತಪ್ಪು. ಮೊದಲು ಸ್ಕ್ರೀನ್‌ಶಾಟ್. ಅದರಲ್ಲಿ ದಿನಾಂಕ, ಸಮಯ, ಖಾತೆಯ ಹೆಸರು ಕಾಣಬೇಕು. ಆ ಖಾತೆಯ ಮತ್ತು ಕಾಮೆಂಟಿನ ಕೊಂಡಿಯನ್ನೂ ನಕಲು ಮಾಡಿಟ್ಟುಕೊಳ್ಳಿ, ಏಕೆಂದರೆ ಕಾಣುವ ಹೆಸರನ್ನು ಆಮೇಲೆ ಬದಲಿಸಬಹುದು. ವಾಟ್ಸ್‌ಆ್ಯಪ್‌ನಲ್ಲಾದರೆ ಚಾಟ್ ಎಕ್ಸ್‌ಪೋರ್ಟ್ ಮಾಡಿದ ಮೇಲೆಯೇ ಸದಸ್ಯರನ್ನು ತೆಗೆಯಿರಿ, ಮಾಯವಾಗುವ ಸಂದೇಶಗಳ ಸೆಟ್ಟಿಂಗ್ ಆಫ್ ಮಾಡಿಡಿ. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಂದೇಶ ಬಂದ ಫೋನನ್ನು ಮಾರುವುದು, ರೀಸೆಟ್ ಮಾಡುವುದು ಬೇಡ.

ಬಹಳ ಜನ ಈಗಲೂ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಮಿನ ಹೆಸರು ಹೇಳುತ್ತಾರೆ. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಅಶ್ಲೀಲ ಬರಹಕ್ಕೆ ಐಟಿ ಕಾಯ್ದೆಯ 67, ಮಹಿಳೆಯ ಘನತೆಗೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79, ಬೆದರಿಕೆಗೆ 351, ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇವೆ. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಕೊಡಬಹುದು, ಜಿಲ್ಲೆಯ ಸೈಬರ್ ಅಪರಾಧ ಠಾಣೆಯಲ್ಲೂ ಕೊಡಬಹುದು. ನಟಿ ರಮ್ಯಾ ಅವರು 2025ರ ಜುಲೈನಲ್ಲಿ ತಮ್ಮನ್ನು ನಿಂದಿಸಿದ 43 ಖಾತೆಗಳ ವಿವರವನ್ನು ಪಟ್ಟಿ ಮಾಡಿ ಬೆಂಗಳೂರು ಪೊಲೀಸರಿಗೆ ಕೊಟ್ಟರು, ಬಂಧನಗಳೂ ಆದವು. ಖಾತೆ ಖಾತೆಯ ವಿವರವನ್ನು ಮೊದಲೇ ಕೂಡಿಟ್ಟುಕೊಂಡರೆ ದೂರು ಗಟ್ಟಿಯಾಗಿ ನಿಲ್ಲುತ್ತದೆ.

ಕೃತಕ ಬುದ್ಧಿಮತ್ತೆ ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂದು ಕಾಯುವವರಿಗೂ ಒಂದು ಮಾತು. 2021ರಲ್ಲಿ ದ್ರಾವಿಡ ಭಾಷೆಗಳ ನಿಂದನೆ ಗುರುತಿಸುವ ಸಂಶೋಧನಾ ಸ್ಪರ್ಧೆಯೊಂದಕ್ಕೆ ಗುರುತು ಹಾಕಿದ ಕಾಮೆಂಟುಗಳು ತಮಿಳಿನಲ್ಲಿ 40,000ಕ್ಕೂ ಹೆಚ್ಚಿದ್ದವು, ಕನ್ನಡದಲ್ಲಿ 8,000 ಕೂಡ ಇರಲಿಲ್ಲ. ನಿಂದನೆಯ ಪದಗಳನ್ನು ಮರೆಮಾಡಲು 2022ರಲ್ಲಿ ಬಂದ ‘ಉಲಿ’ ಎಂಬ ಬ್ರೌಸರ್ ಸಾಧನವನ್ನು ರೂಪಿಸಿದವರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯೂ ಒಂದು. ಅದು ಶುರುವಾದದ್ದು ಹಿಂದಿ, ತಮಿಳು ಮತ್ತು ಭಾರತೀಯ ಇಂಗ್ಲಿಷ್‌ಗೆ. ಬೆಂಗಳೂರಿನಲ್ಲೇ ಇಷ್ಟು ಕೆಲಸ ನಡೆದರೂ ಕನ್ನಡಕ್ಕೆ ಅದು ಮೊದಲು ಬರಲಿಲ್ಲ ಎಂಬುದು ನೋವಿನ ಸಂಗತಿ. ಕನ್ನಡ ವಿಭಾಗಗಳೂ ಕಂಪ್ಯೂಟರ್ ವಿಭಾಗಗಳೂ ಒಟ್ಟಿಗೆ ಕೂತು, ಸೀಮೆವಾರು ಕನ್ನಡದ ಮಾದರಿಗಳನ್ನು ಕೂಡಿಸಿ ಗುರುತು ಹಾಕುವ ಕೆಲಸ ಕೈಗೆತ್ತಿಕೊಳ್ಳಬೇಕು. ಗುರುತು ಹಾಕುವವರಲ್ಲಿ ಆ ಮಾತುಗಳನ್ನು ಅನುಭವಿಸಿದವರೂ ಇರಬೇಕು.

ಪತ್ರಿಕೆಗಳಿಂದಲೂ ಎರಡು ಕೋರಿಕೆ. ನಿಂದನೆಯ ಸುದ್ದಿ ಬರೆಯುವಾಗ ಪದದ ಒಂದಕ್ಷರ ತೆಗೆದು ಅಲ್ಲಿ ನಕ್ಷತ್ರ ಹಾಕುವ ರೂಢಿ ಬಿಡಿ. ಕನ್ನಡದಲ್ಲಿ ವ್ಯಂಜನ ತೆಗೆದರೆ ಸ್ವರಚಿಹ್ನೆ ಅನಾಥವಾಗಿ ಪರದೆಯ ಮೇಲೆ ಚುಕ್ಕಿಯ ವೃತ್ತವಾಗಿ ಕಾಣುತ್ತದೆ, ಓದುಗರ ಮನಸ್ಸು ಆ ಪದವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳುತ್ತದೆ. ‘ಜಾತಿ ಹೆಸರಿನಲ್ಲಿ ನಿಂದಿಸಿದರು’, ‘ತಾಯಿಯನ್ನು ಕುರಿತು ಅಶ್ಲೀಲವಾಗಿ ಬೈದರು’ ಎಂದು ಬರೆದರೆ ಸುದ್ದಿಗೆ ಏನೂ ಕಡಿಮೆಯಾಗದು. ಎರಡನೆಯದಾಗಿ, ದೌರ್ಜನ್ಯಕ್ಕೊಳಗಾದ ಮಹಿಳೆಯರ, ಅಂತರ್ಜಾತಿ ಮದುವೆಗಳ, ಆತ್ಮಹತ್ಯೆಗಳ ಸುದ್ದಿಯನ್ನು ನಿಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕುವಾಗ, ಕಾಮೆಂಟು ನೋಡಲು ಸಿಬ್ಬಂದಿ ಇಲ್ಲದ ಹೊತ್ತಾದರೆ ಕಾಮೆಂಟು ವಿಭಾಗವನ್ನು ಮುಚ್ಚಿಯೇ ಹಾಕಿ. ಬೆಳಿಗ್ಗೆ ಸಿಬ್ಬಂದಿ ಬಂದ ಮೇಲೆ ತೆರೆದರಾಯಿತು.

ಇಂತಿ,
ಕನ್ನಡ ಬಳಗಗಳ ಕೆಲವು ನಿರ್ವಾಹಕರು,
ಶಿವಮೊಗ್ಗ